ಒಗ್ಗರಣೆ ಹಾಕದ ಅವ್ವ

ರಾಯಚೂರಿನ ನಮ್ಮ ಮನೆಯಲ್ಲಿ ಅಡುಗೆಯೆಲ್ಲ ಅವ್ವನದೇ. ಒಗ್ಗರಣೆ ಮಾತ್ರ ಅವಳು ಹಾಕುವುದಿಲ್ಲ, ಅದು ನನ್ನ ಹೆಂಡತಿಯ ಕೆಲಸ. ಮೊದಲು ಮಾನ್ವಿಯಲ್ಲಿದ್ದಾಗಲೂ ಅವಳು ಒಗ್ಗರಣೆ ಹಾಕುತ್ತಿರಲಿಲ್ಲ. ಬೆಂದ ಬೇಳೆಗೆ ಉಪ್ಪು, ಹುಳಿ, ಖಾರ ಬಿದ್ದರೆ ಸಾರು ಮುಗಿಯಿತು. ಅಪ್ಪ ಅದನ್ನೇ ಉಂಡು ಅಕ್ಕಿ ಗಿರಣಿಗೆ ಹೋಗುತ್ತಿದ್ದ, ಒಂದು ದಿನವೂ ತಕರಾರು ಮಾಡಲಿಲ್ಲ. ನನ್ನ ಮದುವೆಗೆ ಮೊದಲೇ ಅವನು ತೀರಿಕೊಂಡ. ಘಾಟಿಗೆ ಅವ್ವನಿಗೆ ಕೆಮ್ಮು ಬರುತ್ತದೆ ಎಂದೇ ನಾನು ತಿಳಿದಿದ್ದೆ.

ನಾನು ಜೀವಶಾಸ್ತ್ರದ ಉಪನ್ಯಾಸಕ. ಕಳೆದ ಬೇಸಿಗೆಯಲ್ಲಿ ಪಡಸಾಲೆಯಲ್ಲಿ ಕೆಲವು ಹುಡುಗಿಯರಿಗೆ ವೈರಸ್ ಪಾಠ ಹೇಳುತ್ತಿದ್ದೆ. ವೈರಸ್ಸಿಗೆ ಸ್ವಂತದ್ದೆಂಬುದು ಬಲು ಕಡಿಮೆ. ನಮ್ಮ ಜೀವಕೋಶ ಹೊಕ್ಕು, ಅಲ್ಲಿಯ ಕೊಬ್ಬಿನಿಂದಲೇ ಮರೆ ಕಟ್ಟಿಕೊಂಡು ಸಂಖ್ಯೆ ಬೆಳೆಸುವ ವೈರಸ್‌ಗಳಿವೆ. ದಡಾರದ ವೈರಸ್ಸಂತೂ ಹೊರಬೀಳುವಾಗ ಕೋಶದ ಕೊಬ್ಬಿನ ಪೊರೆಯನ್ನೇ ಮೈಗೆ ಸುತ್ತಿಕೊಂಡು ಹೋಗುತ್ತದೆ ಎಂದೆ. ದೇವದುರ್ಗ ಕಡೆಯ ಹುಡುಗಿಯೊಬ್ಬಳು, ದಡಾರ ಎದ್ದರೆ ಅಮ್ಮ ಬಂದಳೆಂದು ತಮ್ಮೂರಲ್ಲಿ ಒಗ್ಗರಣೆ ಹಾಕುವುದಿಲ್ಲ, ಎಣ್ಣೆಯಿಂದ ವೈರಸ್ ಬೆಳೆಯುತ್ತದೆಂದು ಹಿರಿಯರಿಗೆ ಗೊತ್ತಿತ್ತೇನೋ ಎಂದಳು. ಇಂಥವನ್ನು ಮೊಬೈಲಿನಲ್ಲಿ ಓದಿ ಓದಿ ನನಗೆ ರೇಗಿಹೋಗಿತ್ತು. ನಾಳೆ ಮಾತಾಡೋಣ ಎಂದು ಎಲ್ಲರನ್ನೂ ಕಳಿಸಿಬಿಟ್ಟೆ.

ಬಾಗಿಲ ಬಳಿ ತೊಗರಿಬೇಳೆ ಆರಿಸುತ್ತಿದ್ದ ಅವ್ವನ ಕೈ ನಿಂತಿತ್ತು.

"ಹಂಗಾರ ನಿಮ್ಮಣ್ಣನ್ನ ತಿಂದದ್ದು ನನ್ನ ಒಗ್ಗರಣಿನೇ ಹೌದೇನು?" ಎಂದಳು.

ನಾನು ಹುಟ್ಟುವ ಮೊದಲೇ ಅಣ್ಣನೊಬ್ಬ ದಡಾರದಲ್ಲಿ ಹೋದದ್ದು ನನಗೆ ಗೊತ್ತಿತ್ತು. ಉಳಿದದ್ದನ್ನು ಅವ್ವ ಆಗ ಹೇಳಿದಳು. ಅವನ ಮೈಮೇಲೆ ದದ್ದು ಎದ್ದ ದಿನ, ಏನೆಂದು ತಿಳಿಯದೆ, ಅವಳು ಸಾರಿಗೆ ಒಗ್ಗರಣೆ ಹಾಕಿದ್ದಳಂತೆ. ಮಗುವನ್ನು ಮಣ್ಣು ಮಾಡಿ ಬಂದ ಮೇಲೆ ಅಜ್ಜಿ ಎಲ್ಲರೆದುರು ಆ ಮಾತೆತ್ತಿದಳಂತೆ. ಅಪ್ಪ ತಲೆ ತಗ್ಗಿಸಿ ಕೂತಿದ್ದನಂತೆ.

ಅವಳ ಪಕ್ಕ ನೆಲದ ಮೇಲೆ ಕೂತೆ. ಬಾಣಲೆಯ ಎಣ್ಣೆಗೂ ಆ ರೋಗಕ್ಕೂ ಸಂಬಂಧವಿಲ್ಲ, ವೈರಸ್ ಕದಿಯುವುದು ಕೋಶದೊಳಗಿನ ಕೊಬ್ಬನ್ನು, ಅದು ಎಣ್ಣೆ ಮುಟ್ಟದವರ ಮೈಯಲ್ಲೂ ಇರುತ್ತದೆ, ದದ್ದು ಕಾಣುವ ಎಷ್ಟೋ ಮೊದಲೇ ವೈರಸ್ ಒಳಗೆ ಸೇರಿರುತ್ತದೆ ಎಂದು ಬಿಡಿಸಿ ಬಿಡಿಸಿ ಹೇಳಿದೆ. ಆ ದಿನ ಒಲೆಯನ್ನೇ ಹಚ್ಚದಿದ್ದರೂ ಆಗುವುದು ಆಗುತ್ತಿತ್ತು ಎಂದೆ.

"ನಿಂದೇನೂ ತಪ್ಪಿಲ್ಲ ಯವ್ವಾ."

ಅವಳು ಮೊರದಲ್ಲಿದ್ದ ಬೇಳೆಯನ್ನು ಕೈಯಿಂದ ಅತ್ತಿತ್ತ ಸರಿಸುತ್ತಿದ್ದಳು.

"ನಿಮ್ಮಪ್ಪಗ ಇದನ್ನ ಯಾರರ ಹೇಳಬೇಕಿತ್ತು," ಎಂದಳು. "ಸಾಯೋತನಕ ಒಗ್ಗರಣಿ ಇಲ್ಲದ ಸಾರು ಉಂಡ."