ನಮ್ಮವರ ಹನ್ನೆರಡು ಪೈಪು

ನಿವೃತ್ತರಾದ ಗಂಡಂದಿರು ಹೆಂಡತಿಯನ್ನು ಊಟಿಗೆ ಕರೆದುಕೊಂಡು ಹೋಗುತ್ತಾರೆ, ಕಾಶಿಗೆ ಕರೆದುಕೊಂಡು ಹೋಗುತ್ತಾರೆ. ನಮ್ಮವರು ನನ್ನನ್ನು ಸೇತುವೆ ತೋರಿಸಲು ಕರೆದುಕೊಂಡು ಹೋದರು. ಬೆಳಿಗ್ಗೆ ಮೈಸೂರು ಬಿಟ್ಟು ನಂಜನಗೂಡು, ಅಲ್ಲಿಂದ ತಿ. ನರಸೀಪುರ, ಬರುವಾಗ ಸುತ್ತೂರಿನ ಕಡೆಯಿಂದ ವಾಪಸ್. ದಾರಿಯಲ್ಲಿ ಸಿಗುವ ಹೊಳೆ, ಸೋಪಾನ, ದೋಣಿಯ ಕಡವು ಯಾವುದನ್ನೂ ಬಿಡುವ ಹಾಗಿಲ್ಲ. ಎಲ್ಲ ಮುಗಿದ ಮೇಲೆ, ಎಲೆಯ ತುದಿಯಲ್ಲಿ ಉಳಿಸಿಕೊಂಡ ಹೋಳಿಗೆಯ ಹಾಗೆ, ಅವರದೇ ಸೇತುವೆ.

ಅವರದೇ ಎಂದರೆ ಅವರಪ್ಪ ಬಿಟ್ಟುಹೋದದ್ದಲ್ಲ. ನೌಕರಿಯ ಮೊದಲ ವರ್ಷಗಳಲ್ಲಿ ಸರ್ಕಾರಿ ಇಂಜಿನಿಯರಾಗಿ, ಸುತ್ತೂರಿನ ಹತ್ತಿರ ಕಪಿಲೆಗೆ ಸೇರುವ ಒಂದು ಹಳ್ಳದ ಮೇಲೆ ನಿಂತು ಕಟ್ಟಿಸಿದ್ದು. ಮಳೆನೀರು ಕೆಳಗೆ ಬಿದ್ದುಹೋಗಲು ಅದರ ಎರಡೂ ಬದಿಗೆ ಆರಾರು ಪೈಪು ಇಡಬೇಕೆಂದು ಇವರು, ಒಟ್ಟು ನಾಲ್ಕು ಸಾಕೆಂದು ಕಂಟ್ರಾಕ್ಟರು. ಮೇಲಿನವರು 'ಹೋಗ್ಲಿ ಬಿಡ್ರೀ' ಅಂದರಂತೆ. ಇವರು ಬಿಡಲಿಲ್ಲ, ಸಹಿಯನ್ನೂ ಹಾಕಲಿಲ್ಲ. ಹನ್ನೆರಡು ಪೈಪೂ ಬಂದವು, ಹಿಂದೆಯೇ ವರ್ಗಾವಣೆಯೂ ಬಂತು. ಉದ್ಘಾಟನೆಯ ದಿನ ನಾವು ಬೀದರಿನಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದೆವು.

ಈ ಪೈಪಿನ ಪುರಾಣವನ್ನು ಮೂವತ್ತು ವರ್ಷದಿಂದ ಕೇಳಿದ್ದೇನೆ. ಕೇಳಿದ್ದೇನೆ ಅನ್ನುವುದು ದೊಡ್ಡ ಮಾತು. 'ಹೂಂ' ಅಂದಿದ್ದೇನೆ. ನಿದ್ದೆ ಬಾರದ ದಿನಗಳಲ್ಲಿ ನನಗೆ ಮಾತ್ರೆಗಿಂತ ಅದೇ ವಾಸಿ. ನಿವೃತ್ತಿಯ ಸಮಾರಂಭದಲ್ಲಿ ಏಳು ಜನ ಭಾಷಣ ಮಾಡಿ, ಇವರು ಆಫೀಸಿಗೆ ಹೊತ್ತಿಗೆ ಸರಿಯಾಗಿ ಬರುತ್ತಿದ್ದರೆಂದು ಏಳು ಸಲ ಹೊಗಳಿದರು. ಸೇತುವೆಯ ಸುದ್ದಿ ಯಾರೂ ಎತ್ತಲಿಲ್ಲ. ಆವತ್ತು ಶಾಲು ಹೊದ್ದು, ಹಾರ ಹಾಕಿಕೊಂಡು ಮನೆಗೆ ಬಂದವರು ಸೋಫಾದಲ್ಲಿ ಕೂತು, "ನೀನಾದ್ರೂ ಒಂದ್ಸಲ ನೋಡ್ಬೇಕಿತ್ತು ಕಣೇ" ಅಂದರು. ನನಗೆ ಸಂಕಟವಾಯಿತು. ಸಂಕಟವಾದರೂ, ಹೊರಡುವುದಕ್ಕೆ ಇನ್ನೂ ಎರಡು ವರ್ಷ ಹಿಡಿಯಿತು.

ನಂಜನಗೂಡಿನ ಹಳೇ ಸೇತುವೆಯ ಮುಂದೆ ಅವರು ಅರ್ಧ ಗಂಟೆ ಕೈಕಟ್ಟಿ ನಿಂತರು. ದೇವಸ್ಥಾನಕ್ಕೆ ಬನ್ನಿ ಅಂದರೆ, "ನೀನು ಹೋಗಿ ಬಾ, ನನ್ನ ದೇವರು ಇಲ್ಲೇ ಇದೆ" ಅಂದರು. ನಾನು ಕೈಮುಗಿದು, ಪ್ರಸಾದ ತಿಂದು, ಸೋಪಾನಕ್ಕೆ ಬಂದೆ. ಮಿಂದವರು ರೋಗ ಕಳೆಯಲೆಂದು ಉಟ್ಟ ಬಟ್ಟೆಯನ್ನು ಹೊಳೆಗೇ ಬಿಟ್ಟು ಹೋಗಿದ್ದರು. ಅವರ ರೋಗವೆಲ್ಲ ಮೆಟ್ಟಿಲಿಗೆ ಸಿಕ್ಕಿಕೊಂಡು ಕೊಳೆಯುತ್ತಿತ್ತು. ನಮ್ಮವರು ಅಷ್ಟು ಹೊತ್ತಿಗೆ ಅಲ್ಲಿಗೆ ಬಂದು, ಒದ್ದೆ ಪಂಚೆಯ ಅಪರಿಚಿತರೊಬ್ಬರಿಗೆ ಗಾರೆಯ ಮಹಿಮೆ ವಿವರಿಸುತ್ತಿದ್ದರು. ಆ ಮನುಷ್ಯ ಚಳಿಗೆ ನಡುಗುತ್ತಿದ್ದದ್ದನ್ನು ಇವರು ತಲೆದೂಗುವುದೆಂದುಕೊಂಡಿದ್ದರು.

ತಿ. ನರಸೀಪುರದ ಸಂಗಮದಲ್ಲಿ ತೆಪ್ಪ ಹತ್ತುವಾಗಲೂ ಅದೇ ಕತೆ. "ಎಷ್ಟು ಭಾರ ತಡೆಯುತ್ತಪ್ಪಾ ಇದು?" ಅಂತ ವಿಚಾರಣೆ.

ತೆಪ್ಪದವನು ಇವರನ್ನು ಮೇಲಿಂದ ಕೆಳಗೆ ನೋಡಿ, "ಕುಂತ್ಕಳಿ ಸಾ, ಈಗ್ಲೇ ಗೊತ್ತಾಯ್ತದೆ" ಅಂದ.

ನಾನು ಜೋರಾಗಿ ನಕ್ಕೆ. ಕಾವೇರಿ, ಕಪಿಲೆ ಕೂಡುವಲ್ಲಿ ಅವನು ತೆಪ್ಪವನ್ನು ಗಿರಗಿರನೆ ತಿರುಗಿಸಿದ. ಇಬ್ಬರೂ ಕಣ್ಣುಮುಚ್ಚಿ ಒಬ್ಬರ ಕೈ ಒಬ್ಬರು ಹಿಡಿದುಕೊಂಡೆವು. ದಡಕ್ಕೆ ಬಂದ ಕೂಡಲೇ ಬಿಟ್ಟೆವು.

ವಾಪಸ್ ಬರುವಾಗ ಸುತ್ತೂರು ಇನ್ನೂ ದೂರವಿರುವಾಗಲೇ ಅವರ ಮಾತು ನಿಂತಿತು. ಎಲ್ಲೋ ಸೇತುವೆ ಕುಸಿಯಿತೆಂದು ಪೇಪರಿನಲ್ಲಿ ಬಂದ ದಿನ ಈ ಮನುಷ್ಯ ಊಟ ಬಿಡುತ್ತಾರೆ. ಮೂವತ್ತು ವರ್ಷದಲ್ಲಿ ಎಷ್ಟು ಮಳೆ, ಎಷ್ಟು ಪ್ರವಾಹ. ಅದು ಇರುತ್ತದೋ ಇಲ್ಲವೋ ಅನ್ನುವ ಭಯ ಅವರ ಕುತ್ತಿಗೆಯಲ್ಲೇ ಕಾಣುತ್ತಿತ್ತು. "ಬಂತು, ಬಂತು, ನೋಡು" ಎಂದು ಕಾರು ನಿಧಾನ ಮಾಡಿದರು. ಒಳ್ಳೇ ಅಗಲವಾದ ಸೇತುವೆ. "ಭೇಷ್" ಅಂದೆ. ಅವರು ಪೂರಾ ದಾಟಿದ ಮೇಲೆ ಕಾರು ನಿಲ್ಲಿಸಿ, "ಇದು ನನ್ನದಲ್ಲ" ಅಂದರು.

ಅವರದು ಪಕ್ಕದಲ್ಲಿತ್ತು. ಕಬ್ಬಿನ ಲಾರಿಗೆ ಸಾಲುವುದಿಲ್ಲವೆಂದು ಯಾರೋ ಹೊಸದನ್ನು ಕಟ್ಟಿ, ರಸ್ತೆಯನ್ನೇ ಅತ್ತ ತಿರುಗಿಸಿದ್ದರು. ಹಳೆಯದರ ಬಾಯಿಗೆ ಎರಡು ಕಲ್ಲು ಅಡ್ಡ. ಅದರ ಮೇಲೆ ಈ ತುದಿಯಿಂದ ಆ ತುದಿಯ ಹತ್ತಿರದವರೆಗೂ ಭತ್ತ ಒಣಗುತ್ತಿತ್ತು. ನಾಲಿಗೆಯ ತುದಿಗೆ ಬಂದ ತಮಾಷೆಯನ್ನು ನುಂಗಿಕೊಂಡೆ. ನನ್ನ ಮಟ್ಟಿಗೆ ಅದು ಸಣ್ಣ ತ್ಯಾಗವೇನಲ್ಲ.

ಅವರು ಮುಖ ಹುಳ್ಳಗೆ ಮಾಡಿಕೊಂಡು ಕಲ್ಲು ದಾಟಿದರು. ಭತ್ತ ಕಾಯುತ್ತ ಕೂತಿದ್ದ ಮುದುಕಿ ಕೈಯೆತ್ತಿ, "ಎಕ್ಕಡ ಬುಟ್ಟು ಬನ್ನಿ ಸಾ, ಬತ್ತ ಅದೆ" ಅಂದಳು.

ನಂಜನಗೂಡಿನಲ್ಲಿ ದೇವರಿಗಾಗಿ ಬಿಚ್ಚದ ಶೂ ಇಲ್ಲಿ ಬಿಚ್ಚಿದರು. ನಾಲ್ಕು ಹೆಜ್ಜೆ ನಡೆದವರೇ ಬಗ್ಗಿ ನೋಡಿ, "ಯಾರಿದು? ಪೈಪಿಗೆಲ್ಲ ಬಟ್ಟೆ ತುರುಕಿದ್ದು ಯಾರು?" ಎಂದು ಕೂಗಿದರು.

"ನಾವೇಯ" ಅಂದಳು ಮುದುಕಿ, ಒಂಚೂರೂ ಅಳುಕದೆ. "ಇಲ್ದಿದ್ರೆ ಬತ್ತ ಅಳ್ಳಕ್ಕೆ ಬೀಳಕಿಲ್ವಾ? ಮೋಡ ಕಂಡ್ರೆ ಕಿತ್ತಾಕ್ತೀವಿ." ಆಮೇಲೆ ನನ್ನ ಕಡೆ ತಿರುಗಿ, "ನೋಡವ್ವ, ನಿನ್ನೆ ಅಂಥಾ ಮಳೆ ಉಯ್ತು. ಬೆಳಗ್ಗೆ ಒತ್ಗೆಲ್ಲ ಇದು ಒಣಗಿತ್ತು. ಆ ಒಸ ಸೇತ್ವೆ ನೋಡು, ಇನ್ನೂ ಕೆರೆ. ಅದಕ್ಕೇ ಮೂರು ಅಳ್ಳಿಯೋರು ಇಲ್ಲೇ ಒಣಾಕೋದು. ಯಾವ್ ಪುಣ್ಯಾತ್ಮ ತೂತು ಮಡಗಿದ್ನೋ" ಅಂದಳು.

ನಾನು ಅವರ ಮುಖ ನೋಡಿದೆ. ಅವರು ಹಳ್ಳ ನೋಡುತ್ತಿದ್ದರು. ಬಾಯಿಬಿಡಲೇ ಇಲ್ಲ. ಮೂವತ್ತು ವರ್ಷ ಬಾಯಿ ಮುಚ್ಚದ ಮನುಷ್ಯ.

"ಇವರೇ ಕಣಜ್ಜಿ" ಅಂದೆ. "ತೂತು ಇಡಿಸಿದ್ದು ಇವರೇ. ಅದಕ್ಕೋಸ್ಕರ ನಮ್ಮನ್ನ ಬೀದರಿಗೆ ಎತ್ತಿ ಹಾಕಿದ್ರು."

ಮುದುಕಿ ಎದ್ದು ಬರಬಹುದು, ಕೈಮುಗಿಯಬಹುದು ಎಂದುಕೊಂಡೆ. ಅವಳು ಕೂತಲ್ಲಿಂದಲೇ, "ಔದಾ ಸಾ? ಒಳ್ಳೇದಾಯ್ತು ಬಂದಿದ್ದು. ಆ ಕಡೇದೊಂದು ಕಟ್ಕಂಡದೆ, ವಸಿ ನೋಡ್ಬುಟ್ಟು ಓಗಿ" ಅಂದಳು.

ಯಾವ ಶಾಲಿಗೂ ಅವರ ಮುಖ ಹಾಗೆ ಅರಳಿದ್ದನ್ನು ನಾನು ಕಂಡಿಲ್ಲ. ಆ ತುದಿಯಲ್ಲಿ ಭತ್ತ ಇರಲಿಲ್ಲ, ಮೂಲೆಯಲ್ಲಿ ನಿನ್ನೆಯ ಮಳೆನೀರು ಪಾದ ಮುಳುಗುವಷ್ಟು ನಿಂತಿತ್ತು. ಇಸ್ತ್ರಿ ಮಾಡಿದ ಬಿಳಿ ಶರಟಿನಲ್ಲೇ ಅವರು ಅಡ್ಡಡ್ಡ ಮಲಗಿ, ತಲೆಯನ್ನು ಕಂಬಿಯ ಸಂದಿಯಿಂದ ಹೊರಗೆ ಹಾಕಿ, ಮುದುಕಿ ಕೊಟ್ಟ ಕೋಲನ್ನು ಕೆಳಗಿನಿಂದ ಪೈಪಿಗೆ ತಿವಿಯತೊಡಗಿದರು. ಎಲ್ಲಿ ಜಾರಿ ಹಳ್ಳಕ್ಕೆ ಬೀಳುತ್ತಾರೋ ಎಂದು ನಾನು ಕೆಸರಲ್ಲಿ ಕುಕ್ಕರಗಾಲಲ್ಲಿ ಕೂತು ಅವರ ಎರಡೂ ಕಾಲು ಹಿಡಿದುಕೊಂಡೆ. ಅವರ ಸೇತುವೆಯ ಕೆಲಸಕ್ಕೆ ನಾನು ಕೈಹಾಕಿದ್ದು ಅದೇ ಮೊದಲು.

ಕೊಳೆತ ಹುಲ್ಲಿನ ಉಂಡೆಯೊಂದು ಕಿತ್ತುಬಂತು. ನಿಂತ ನೀರು ನನ್ನ ಸೀರೆಯ ಪಕ್ಕದಿಂದ ಸರಸರ ಹರಿದು, ಕೆಳಗೆ ಹಳ್ಳಕ್ಕೆ ಧೋ ಎಂದು ಬಿತ್ತು.

ತಲೆ ಹೊರಗಿದ್ದಂತೆಯೇ ಅವರು ಕೇಳಿದರು, "ಕೇಳಿಸ್ತೇನೇ?"

"ಕೇಳಿಸ್ತು ರೀ" ಅಂದೆ.