ಕುಶಲ ಕೇಳಿ ಮುಗಿಯದ ಯಂತ್ರ

ನನ್ನ ತಮ್ಮ ರಕಾನನಿಗೆ ಕಾಫಿ ಅಂದರೆ ಪ್ರಾಣ. ಆದರೆ ನಮ್ಮ ಸಾಲ್ತ್ ಊರಿನ ಯಾವ ಅಂಗಡಿಗೆ ಹೋದರೂ ಕುಡಿಯುವುದು ಚಹಾ. ಹುಟ್ಟಿನಿಂದ ತೊದಲು, ‘ಕಾಫಿ’ ಎನ್ನಹೋದರೆ ಮೊದಲ ಅಕ್ಷರ ಗಂಟಲಲ್ಲೇ ಕೂತುಬಿಡುತ್ತದೆ. ಮೂವತ್ತೊಂದು ವರ್ಷ ಹೀಗೆ ನಾಲಿಗೆಗೆ ಸುಲಭವಾದದ್ದನ್ನೇ ಕೇಳಿಕೊಂಡು ಬದುಕಿದ ಪ್ರಾಣಿ. ಬೇಳೆ ತರಲು ಕಳಿಸಿದರೆ ಅಕ್ಕಿ ತಂದು, "ಅ-ಅದೇ ಚೆನ್ನಾಗಿತ್ತು" ಎನ್ನುತ್ತಿದ್ದ. ಪುರಸಭೆಯ ಕಂಪ್ಯೂಟರುಗಳನ್ನು ರಿಪೇರಿ ಮಾಡುವ ಕೆಲಸ ಅವನಿಗೆ ಹೇಳಿ ಮಾಡಿಸಿದ್ದು. ಅವುಗಳ ಜೊತೆ ಮಾತಾಡುವ ಗೋಜಿಲ್ಲ.

ಅದೇ ಪುರಸಭೆಯಲ್ಲಿ ನಕ್ಷೆ ಬರೆಯುವ ಸಬಾಳನ್ನು ಇವನು ಮೆಚ್ಚಿದ. ಅವಳೂ ಇವನನ್ನು ಮೆಚ್ಚಿದಳು. ನಾನು ಅವಳ ಮನೆಗೆ ಹೋಗಿ ವಿಷಯ ತೆಗೆದೆ. ಅವಳ ಅಪ್ಪ ಅಬು ದಿಯಾಬ್, ನಿವೃತ್ತ ಮೇಷ್ಟ್ರು, ಕಡ್ಡಿ ಮುರಿದಂತೆ ಹೇಳಿದರು: "ನಿಮ್ಮಪ್ಪ ಇಲ್ಲ, ಸರಿ ಕಣಮ್ಮ. ಆದ್ರೆ ಹೆಣ್ಣು ಕೇಳೋಕೆ ಹಿರಿಯರು ಯಾವತ್ತು ಬರ್ಲಿ ಅಂತ ಗಂಡೇ ಫೋನ್ ಮಾಡಿ ಕೇಳ್ಬೇಕು. ಅಕ್ಕನ ಬೆನ್ನಿಂದೆ ಬಚ್ಚಿಟ್ಕೊಳ್ಳೋನಿಗೆ ಮಗಳನ್ನ ಕೊಡಲ್ಲ." ಬುಧವಾರದವರೆಗೆ ಗಡುವು.

ಹೆಣ್ಣು ಕೇಳಲು ಹೋದವರ ಮುಂದೆ ನಮ್ಮಲ್ಲಿ ಕಾಫಿ ಇಡುತ್ತಾರೆ. ಹುಡುಗಿಯ ಅಪ್ಪ ಒಪ್ಪುವ ತನಕ ಯಾರೂ ಮುಟ್ಟುವಂತಿಲ್ಲ. ಒಪ್ಪಿಗೆ ಸಿಗದೆ ಎಷ್ಟೋ ಮನೆಗಳಲ್ಲಿ ಅದು ಆರಿ ತಣ್ಣಗಾಗಿದೆ. ಇವನಿಗೆ ಆ ಕಾಫಿಯ ತನಕ ಹೋಗುವುದೇ ಕಷ್ಟವಾಗಿತ್ತು.

ಮೂರು ದಿನ ಮುಖ ಊದಿಸಿಕೊಂಡಿದ್ದು, ನಾಲ್ಕನೆಯ ದಿನ ನನ್ನ ಹೊಲಿಗೆ ಮೇಜಿನ ಕೆಳಗೆ ಹಳೇ ಕಂಪ್ಯೂಟರೊಂದನ್ನು ತಂದಿಟ್ಟ. ಅದನ್ನು ಸರ್ವರ್ ಮಾಡಿ, ಒಂದು ಫೋನ್ ನಂಬರ್ ಜೋಡಿಸುತ್ತಾನಂತೆ. ಏನು ಹೇಳಬೇಕೆಂದು ಬರೆದುಕೊಟ್ಟರೆ ಎಐ ಸಹಾಯಕ ತಾನೇ ಫೋನ್ ಮಾಡಿ ಮಾತಾಡುತ್ತದಂತೆ.

"ಯಂ-ಯಂತ್ರ ಮಾಡಿದ್ದು ನಾನು. ಅಂ-ಅಂದ್ಮೇಲೆ ಫೋನ್ ಮಾಡಿದ್ದೂ ನಾನೇ," ಎಂದ. ಆಹಾ, ಏನು ವಾದ!

ಪರೀಕ್ಷೆಗೆಂದು ಮೊದಲ ಕರೆ ರೊಟ್ಟಿ ಅಂಗಡಿಯ ಅಬು ಫರಜ್‌ಗೆ ಹೋಯಿತು. "ಸಂಜೆ ಐದಕ್ಕೆ ಹನ್ನೊಂದು ರೊಟ್ಟಿ ಬೇಕು," ಎಂದಿತು ಯಂತ್ರ. ಸಲಾಮಿಲ್ಲ, ಹೆಂಡತಿ ಮಕ್ಕಳ ಕುಶಲವಿಲ್ಲ! "ನಿನ್ ಮುಖಕ್ಕಿಷ್ಟು!" ಎಂದು ಅಬು ಫರಜ್ ಫೋನ್ ಇಟ್ಟ.

ನನಗೆ ಮೈಯೆಲ್ಲ ಉರಿಯಿತು. "ಮಾನ ಕಳೆದ್ಯಲ್ಲೋ! ಅದಕ್ಕೆ ಬುದ್ಧಿ ಹೇಳು. ಎದುರಿನವ್ರು ಒಂದು ಹರಸಿದ್ರೆ ಇದು ಎರಡು ಹರಸ್ಬೇಕು. ಅವ್ರು ಕುಶಲ ಕೇಳೋದು ನಿಲ್ಲಿಸೋ ತನಕ ಕೆಲಸದ ಮಾತು ಎತ್ಕೂಡ್ದು." ಅವನು ಒಂದಕ್ಷರ ಬಿಡದೆ ಹಾಗೇ ಬರೆದುಕೊಟ್ಟ, ಮೇಷ್ಟ್ರ ಮಂಡಿನೋವಿನ ವಿಷಯವನ್ನೂ ಸೇರಿಸಿದ.

ಬುಧವಾರ ಮಧ್ಯಾಹ್ನ ಯಂತ್ರ ಅಬು ದಿಯಾಬರಿಗೆ ಕರೆ ಮಾಡಿತು.

"ರಕಾನ್ ಪರವಾಗಿ ಮಾತಾಡ್ತಿದೀನಿ ಹಾಜಿ. ದೇವರು ನಿಮಗೆ ಆಯಸ್ಸು ಕೊಡ್ಲಿ, ಮನೆಗೆ ಬರಕತ್ತು ಕೊಡ್ಲಿ."

"ನಿಂಗೂ ಕೊಡ್ಲಪ್ಪ, ನಿನ್ ಹೆತ್ತವ್ರಿಗೂ ಕೊಡ್ಲಿ. ಎಲ್ಲಾ ಕ್ಷೇಮಾನಾ?"

"ನಿಮ್ಮ ಹೆತ್ತವರಿಗೂ, ಮಕ್ಕಳಿಗೂ, ನೆರೆಹೊರೆಗೂ ಕೊಡ್ಲಿ. ನಿಮ್ಮ ಮಂಡಿನೋವು ಹೇಗಿದೆ?"

ಹರಸುವುದರಲ್ಲಿ ಸೋಲುವ ಆಸಾಮಿಯಲ್ಲ ಅಬು ದಿಯಾಬ್. ಯಂತ್ರಕ್ಕಂತೂ ಸೋಲುವುದೇ ಗೊತ್ತಿಲ್ಲ. ಮಂಡಿ ಮುಗಿದು ಆಲಿವ್ ಮರಗಳ ಆರೋಗ್ಯಕ್ಕೆ ಬಂದರು. ಅಲ್ಲಿಂದ ಮೇಕೆ, ಮೇಕೆಯ ಮರಿ. ಹದಿನೆಂಟನೇ ನಿಮಿಷಕ್ಕೆ ಮೇಷ್ಟ್ರ ಗಂಟಲು ಕಟ್ಟಿತು.

"ಅಯ್ಯೋ ಮಾರಾಯ, ನನ್ನ ಮಾತ್ರೆಗೆ ಹೊತ್ತಾಯ್ತು..."

"ಆ ಮಾತ್ರೆ ಮಾಡಿದ ಕೈಗಳಿಗೂ ದೇವರು..."

"ನಾನು ಇಡ್ತೀನಪ್ಪ!"

ಅವರು ಇಟ್ಟರೆ ಸಬಾ ಕೈತಪ್ಪಿದಂತೆ. ರಕಾನ್ ಯಂತ್ರದ ಬಾಯಿ ಮುಚ್ಚಿಸಿ, ಕರೆಯನ್ನು ತನ್ನ ಫೋನಿನ ಸ್ಪೀಕರಿಗೆ ತಿರುಗಿಸಿಕೊಂಡ.

"ಹಾ-ಹಾಜಿ, ನಾ-ನಾನು ರ... ರ..."

ಅವನು ತನ್ನ ಹೆಸರು ಹೇಳಿ ಮುಗಿಸುವಷ್ಟರಲ್ಲಿ ನನ್ನ ಜೀವ ಬಾಯಿಗೆ ಬಂದಿತ್ತು.

"ಇಷ್ಟೊತ್ತು ತಲೆ ತಿಂದಿದ್ದು ಯಾರಪ್ಪ?"

"ಯಂ-ಯಂತ್ರ."

ಅಬು ದಿಯಾಬ್ ಕೆಮ್ಮುತ್ತಾ ನಕ್ಕರು. "ಸದ್ಯ, ಮಾತು ಮುಗಿಸೋ ಮನುಷ್ಯ ಒಬ್ಬ ಸಿಕ್ಕಿದ! ಹೇಳು ಮಗನೇ."

"ಗು-ಗುರುವಾರ ಬ-ಬರ್ಬಹುದಾ?"

"ಹಿರಿಯರನ್ನ ಕರ್ಕೊಂಡು ಬಾ. ನಿಂಗೇನು ಮಾಡಿಸ್ಲಿ, ಚಹಾನೋ ಕಾಫಿನೋ?"

ಚಹಾ ಅಂದುಬಿಡೋ ಎಂದು ನಾನು ಸನ್ನೆ ಮಾಡಿದೆ. ಅವನು ಬೇಡವೆಂದು ತಲೆಯಾಡಿಸಿದ. "ಕಾ..." ಎಂದು ನಿಂತ. ಮತ್ತೆ "ಕಾ..." ಕುತ್ತಿಗೆಯ ನರ ಉಬ್ಬಿತು. ಅಬು ದಿಯಾಬ್ ನಡುವೆ ಬಾಯಿ ಹಾಕಲಿಲ್ಲ, ಮಾತು ಎತ್ತಿಕೊಡಲೂ ಇಲ್ಲ. ಸುಮ್ಮನೆ ಕಾದರು.

"ಕಾಫಿ!"

"ಆಗ್ಲಿ. ಬಿಸಿಬಿಸಿ ಕುಡಿಯುವೆಯಂತೆ," ಎಂದರು ಮೇಷ್ಟ್ರು. "ನಮ್ಮನೇಲಿ ಅದನ್ನ ಆರೋಕೆ ಬಿಡಲ್ಲ."