ಬೋಣಿಗೆಗೆ ಬಂದ ನೋಟಿಸು

ಗೆಳೆಯರೇ, ಇವತ್ತು ಬೆಳಿಗ್ಗೆ ಗಜೇಂದ್ರಗಡದ ಬಸ್ ಸ್ಟ್ಯಾಂಡ್ ಎದುರಿನ ನನ್ನ ಝೆರಾಕ್ಸ್ ಅಂಗಡಿಯಲ್ಲಿ ಊದುಬತ್ತಿ ಹಚ್ಚುತ್ತಿದ್ದೆ. ಸರ್ಕಾರಿ ಕಚೇರಿಯ ಗುಮಾಸ್ತರೊಬ್ಬರು ಪೆನ್ ಡ್ರೈವ್ ಹಿಡಿದು ಓಡಿ ಬಂದರು.

"ಲಗೂ ಒಂದಿಷ್ಟು ನೋಟಿಸ್ ಪ್ರಿಂಟ್ ತಗೀರಿ. ನಮ್ಮ ಮಷಿನ್ ಕೆಟ್ಟೈತಿ, ರಿಪೇರಿಗೆ ರೊಕ್ಕ ಮಂಜೂರಾಗಿಲ್ಲ. ಬಿಲ್ ಪಾಸಾದಮ್ಯಾಲೆ ಕೊಡ್ತೀವಿ."

ಹಳೆಯ ಬಿಲ್ಲೇ ಇನ್ನೂ ಪಾಸಾಗಿಲ್ಲ. ಅದನ್ನಾದರೂ ಸಹಿಸಿಕೊಂಡೇನು. ಆದರೆ ಬೋಣಿಗೆಯನ್ನೇ, ಅಂದರೆ ದಿನದ ಮೊದಲ ವ್ಯಾಪಾರವನ್ನೇ, ಉದ್ರಿ ಮಾಡಿದರೆ ಇಡೀ ದಿನ ಉದ್ರಿಯೇ ಗತಿ.

"ಸಾಹೇಬ್ರ, ಬೋಣಿಗಿ ಉದ್ರಿ ಮಾಡಂಗಿಲ್ರಿ. ಮೊದಲನೇ ಹಾಳೀದರ ರೊಕ್ಕಾ ಕೊಡ್ರಿ," ಎಂದು ಹಟ ಹಿಡಿದೆ.

ಪಾಪ, ತಮ್ಮ ಸ್ವಂತ ಜೇಬಿನಿಂದಲೇ ಹತ್ತರ ನೋಟು ತೆಗೆದುಕೊಟ್ಟರು. ಕಣ್ಣಿಗೊತ್ತಿಕೊಂಡು ಗಲ್ಲಾಪೆಟ್ಟಿಗೆಗೆ ಹಾಕಿದೆ. ಮಷಿನಿನಿಂದ ಮೊದಲ ಹಾಳೆ ಬಿಸಿಬಿಸಿಯಾಗಿ ಹೊರಬಂತು. ಅಂಗಡಿ ಲೈಸೆನ್ಸ್ ಶುಲ್ಕ ಹೆಚ್ಚಿಸಿದ ನೋಟಿಸು. ಮೇಲೆ ನನ್ನದೇ ಹೆಸರು!

"ಚಲೋ ಆತ್ ನೋಡ್ರಿ, ನಿಮ್ಮ ಅಂಗಡಿಗೆ ಮತ್ತೊಮ್ಮೆ ಬರೂದು ಉಳೀತು. ಇಲ್ಲೇ ಸಹಿ ಮಾಡಿಬಿಡ್ರಿ," ಎಂದು ಖುಷಿಯಿಂದ ನನ್ನದೇ ಪೆನ್ನು ಎತ್ತಿ ನನ್ನ ಕೈಗೆ ಕೊಟ್ಟರು.

"ಯಾಕ್ರೀ ಸಾಹೇಬ್ರ, ಇಷ್ಟ್ಯಾಕ ಹೆಚ್ಚು ಮಾಡೀರಿ?"

"ಏನ್ ಮಾಡೂದ್ರಿ, ಆಫೀಸಿನ ಖರ್ಚು ಭಾಳ ಆಗೇತಿ."

ನಗುತ್ತಲೇ ಸಹಿ ಹಾಕಿದೆ. ಆ ಖರ್ಚು ಯಾವುದಕ್ಕೆ ಆಗುತ್ತದೋ ದೇವರಿಗೇ ಗೊತ್ತು. ಝೆರಾಕ್ಸಿಗಂತೂ ಒಂದು ಪೈಸೆಯೂ ಆಗಿಲ್ಲ, ಅದಕ್ಕೆ ನಾನೇ ಸಾಕ್ಷಿ.